ಪ್ರದೇಶಿ ರಾಜನ ತಕ್ಕಡಿ

ಶ್ವೇತಾಂಬರ ಆಗಮಗಳಲ್ಲಿ ಎರಡನೆಯ ಉಪಾಂಗವಾದ ‘ರಾಯಪಸೇಣಿಯ’ ಸೂತ್ರದ ಉತ್ತರಭಾಗವು ಪ್ರದೇಶಿ ರಾಜನಿಗೂ ಕೇಶಿ ಶ್ರಮಣನಿಗೂ ನಡೆದ ಸಂವಾದವಾಗಿದೆ. ಜೀವವೂ ಶರೀರವೂ ಒಂದೇ ಎಂಬುದು ರಾಜನ ಪಕ್ಷ. ಕನ್ನಡ ವಾಚಕರಿಗೆ ಈ ಚರ್ಚೆ ಅಪರಿಚಿತವಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ತಳಾರ ಚಂಡಕರ್ಮನು ಅಕಂಪನ ಮುನಿಯ ಮುಂದಿಡುವ ಸಂಶಯವೂ ಇದೇ ಜಾತಿಯದು. ಆಗಮದ ಈ ಭಾಗವನ್ನು ದೇಹಾತ್ಮವಾದದ ಖಂಡನೆಯೆಂದು ಓದುವುದು ವಾಡಿಕೆ. ಆ ಖಂಡನೆ ಎಷ್ಟರಮಟ್ಟಿಗೆ ಸಿದ್ಧಿಸಿದೆ ಎಂಬುದೇ ಇಲ್ಲಿ ವಿಚಾರಣೀಯ.

ಪ್ರದೇಶಿಯ ಪ್ರಮಾಣಗಳು ಕ್ರೂರವಾದರೂ ಸ್ಪಷ್ಟವಾಗಿವೆ. ಕಳ್ಳನೊಬ್ಬನನ್ನು ಲೋಹದ ಕುಂಭಿಯಲ್ಲಿಟ್ಟು ಮುಚ್ಚಿಸಿದನು; ಅವನು ಸತ್ತನು, ಜೀವ ಹೊರಬಿದ್ದ ರಂಧ್ರ ಕಾಣಲಿಲ್ಲ. ಇನ್ನೊಬ್ಬನನ್ನು ಕೊಲ್ಲುವ ಮೊದಲೂ ಕೊಂದ ಬಳಿಕವೂ ತೂಗಿಸಿದನು, ಭಾರದಲ್ಲಿ ಭೇದವಿರಲಿಲ್ಲ. ಮತ್ತೊಬ್ಬನನ್ನು ತುಂಡರಿಸಿ ನೋಡಿದನು, ಜೀವ ಸಿಗಲಿಲ್ಲ. ಕೇಶಿಯ ಉತ್ತರಗಳೆಲ್ಲ ಉಪಮೆಗಳು. ಮುಚ್ಚಿದ ಶಾಲೆಯೊಳಗಿನ ಭೇರಿಯ ನಾದ ಹೊರಗೆ ಕೇಳುತ್ತದೆ. ಗಾಳಿ ತುಂಬಿದ ತೊಗಲಚೀಲವೂ ಬರಿದಾದ ಚೀಲವೂ ಸಮತೂಕದವು. ಕಟ್ಟಿಗೆಯನ್ನು ಸೀಳಿದರೆ ಬೆಂಕಿ ದೊರೆಯದು.

ಈ ಉಪಮೆಗಳ ಬಲವೂ ಮಿತಿಯೂ ಒಂದೆಡೆಯೇ ಇವೆ. ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಲ್ಲವೆಂದು ಅವು ತೋರಿಸುತ್ತವೆ, ಜೀವವಿದೆಯೆಂದು ಸಾಧಿಸುವುದಿಲ್ಲ. ಶಬ್ದವು ಜೈನಮತದಲ್ಲಿ ಪುದ್ಗಲವೇ, ಜೀವವಾದರೋ ಅಮೂರ್ತ. ಗಾಳಿಗೂ ತೂಕವುಂಟೆಂದು ಇಂದು ಶಾಲೆಯ ಮಕ್ಕಳೂ ಬಲ್ಲರು. ಸಡಿಲವಾಗಿ ತುಂಬಿದ ಚೀಲದಲ್ಲಿ ಅದು ತೋರದಿರುವುದಕ್ಕೆ ಸುತ್ತಲಿನ ಗಾಳಿಯ ಆಧಾರವೇ ಕಾರಣ. ಪಾಲಿಯ ‘ಪಾಯಾಸಿ ಸುತ್ತ’ದಲ್ಲಿಯೂ ಈ ತೂಕದ ಪರೀಕ್ಷೆಯಿದೆ. ಅಲ್ಲಿ ಹೆಣವು ಬದುಕಿದ್ದಾಗಿನದಕ್ಕಿಂತ ಭಾರವೆಂದು ರಾಜನ ಹೇಳಿಕೆ. ಕಾದ ಕಬ್ಬಿಣದ ಗುಂಡು ಹಗುರವೆಂದು ಕುಮಾರಕಸ್ಸಪನ ಉತ್ತರ. ಒಂದೇ ಪರೀಕ್ಷೆಗೆ ಎರಡು ಫಲ, ಎರಡಕ್ಕೂ ಒಪ್ಪುವ ಸಮಾಧಾನ! ತಕ್ಕಡಿಯು ಈ ವಿಷಯದಲ್ಲಿ ಪ್ರಮಾಣವಾಗಲಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಜೀವದ ಲಕ್ಷಣವು ಉಪಯೋಗ, ಎಂದರೆ ಅರಿಯುವ ವ್ಯಾಪಾರ, ಎಂದು ‘ತತ್ತ್ವಾರ್ಥಸೂತ್ರ’ ನಿರೂಪಿಸುತ್ತದೆ. ಅರಿವನ್ನು ಅರಿವಿನಲ್ಲಿಯೇ ಹುಡುಕಬೇಕು.

ಹಾಗಾದರೆ ಸೂತ್ರಕಾರನು ಸೋತನೆ? ಇಲ್ಲ, ಗ್ರಂಥದ ರಚನೆಯನ್ನು ಗಮನಿಸಬೇಕು. ಸ್ವರ್ಗಕ್ಕೆ ಹೋದ ಅಜ್ಜಿ ಮರಳಿ ಬಂದು ಏಕೆ ಹೇಳಲಿಲ್ಲವೆಂದು ರಾಜನು ಕೇಳುತ್ತಾನೆ. ಆದರೆ ಗ್ರಂಥವು ಆರಂಭವಾಗುವುದೇ ಸೂರ್ಯಾಭದೇವನು ಮಹಾವೀರನ ಸನ್ನಿಧಿಗೆ ಇಳಿದು ಬರುವುದರಿಂದ. ಆ ದೇವನು ಹಿಂದಿನ ಭವದಲ್ಲಿ ಈ ಪ್ರದೇಶಿಯೇ. ಇದು ಶ್ರದ್ಧಾವಂತನಿಗೆ ಉತ್ತರ, ಸಂಶಯಿಗಲ್ಲ. ಸಂಶಯಿಯೂ ಒಪ್ಪಬೇಕಾದುದು ಬೇರೊಂದಿದೆ. ವ್ರತಿಯಾದ ರಾಜನಿಗೆ ರಾಣಿ ಸೂರ್ಯಕಾಂತೆ ವಿಷವಿಕ್ಕುತ್ತಾಳೆ. ಅದನ್ನರಿತೂ ಅವಳ ಮೇಲೆ ದ್ವೇಷ ತಾಳದೆ ಆತನು ಪ್ರಾಣ ಬಿಡುತ್ತಾನೆ. ಪರರ ಸಾವನ್ನು ತೂಗಿ ನೋಡಿದವನು ತನ್ನ ಸಾವಿನೆದುರು ತಾನೇ ತೂಗಲ್ಪಟ್ಟನು. ಉಪಮೆಗಳು ಸಾಧಿಸದುದನ್ನು ಈ ಮರಣವೂ ತರ್ಕದಿಂದ ಸಾಧಿಸುವುದಿಲ್ಲ. ಆದರೆ ದೇಹವೇ ತಾನೆಂದು ನಂಬಿದವನು ದೇಹವನ್ನು ಹೀಗೆ ಬಿಟ್ಟುಕೊಡಬಲ್ಲನೆ ಎಂಬ ಪ್ರಶ್ನೆಯನ್ನು ಉಳಿಸುತ್ತದೆ. ಈ ಆಗಮಭಾಗದ ಸತ್ತ್ವವಿರುವುದು ಆ ಪ್ರಶ್ನೆಯಲ್ಲಿ.