ನೊಣದ ಮಿದುಳಿನ ನಕ್ಷೆ: ಯಂತ್ರವಿಭಜನೆಯೂ ಪಾಠಶೋಧನೆಯೂ

1986ರಲ್ಲಿ ವೈಟ್, ಸೌತ್‌ಗೇಟ್, ಥಾಮ್ಸನ್, ಬ್ರೆನ್ನರ್ ಎಂಬ ನಾಲ್ವರು ವಿದ್ವಾಂಸರು ಒಂದು ಸಣ್ಣ ಹುಳುವಿನ 302 ನರಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕೈಯಿಂದಲೇ ಗುರುತಿಸಿ, ಅವುಗಳ ಪರಸ್ಪರ ಸಂಬಂಧವನ್ನು ಪ್ರಕಟಿಸಿದರು. 2024ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೊರಬಂದ ಫ್ಲೈವೈರ್ ಸಂಶೋಧಕವೃಂದದ ನಕ್ಷೆಯಾದರೋ ಹಣ್ಣಿನ ನೊಣದ ಮಿದುಳಿನ 1,39,255 ನರಕೋಶಗಳನ್ನು ಒಳಗೊಂಡಿದೆ. ಕೈಗೆಲಸದ ಕಾಲ ಮುಗಿಯಿತೆಂದು ಇದರಿಂದ ಊಹಿಸುವುದು ಸಹಜ. ಆ ಊಹೆಯು ಅರ್ಧಸತ್ಯವೆಂಬುದು ಲೇಖನವನ್ನು ನಿಧಾನವಾಗಿ ಓದಿದವರಿಗೆ ತಿಳಿಯದಿರದು.

ಮಿದುಳನ್ನು ಸುಮಾರು 40 ನ್ಯಾನೊಮೀಟರ್ ದಪ್ಪದ ಏಳು ಸಾವಿರ ಪದರಗಳಾಗಿ ಕೊಯ್ದು ಚಿತ್ರಗಳನ್ನು ತೆಗೆಯಲಾಗಿದೆ. ಭಾರಲೋಹದ ಬಣ್ಣವನ್ನು ಹಿಡಿದ ಕೋಶಪೊರೆಯು ಚಿತ್ರದಲ್ಲಿ ಕಪ್ಪು ಗೆರೆಯಾಗಿ ಕಾಣುವುದು. ಆ ಗೆರೆಗಳ ಆಧಾರದಿಂದ ಕೋಶಕೋಶವನ್ನು ಬೇರ್ಪಡಿಸುವುದೇ ಯಂತ್ರದ ಕೆಲಸ. ಪದಗಳ ನಡುವೆ ತೆರಪಿಲ್ಲದ ಓಲೆಪ್ರತಿಯಲ್ಲಿ ಪದಚ್ಛೇದ ಮಾಡುವ ಸಂಪಾದಕನ ಕಷ್ಟವೇ ಇಲ್ಲಿಯೂ ಉಂಟು. ತಪ್ಪುಗಳೂ ಎರಡು ಬಗೆ: ಒಂದನ್ನು ಎರಡಾಗಿ ಒಡೆಯುವುದು, ಎರಡನ್ನು ಒಂದಾಗಿ ಬೆಸೆಯುವುದು. ಪೊರೆಯು ಕೊಯ್ತಕ್ಕೆ ಸಮಾನಾಂತರವಾಗಿ ಬಿದ್ದ ಕಡೆ ಗೆರೆಯು ಮಸುಕಾಗಿ ಎರಡನೆಯ ತಪ್ಪು ನುಸುಳುವುದು.

ಆದಕಾರಣ ಚಿತ್ರಬಿಂದುಗಳನ್ನು ಎಣಿಸಿ ಯಂತ್ರದ ಯೋಗ್ಯತೆಯನ್ನು ಅಳೆಯುವುದು ಯುಕ್ತವಲ್ಲ. ನೂರಕ್ಕೆ ತೊಂಬತ್ತೊಂಬತ್ತು ಬಿಂದುಗಳು ಸರಿಯಾಗಿದ್ದರೂ, ತೆಳುಗೆರೆಯೊಂದು ತಪ್ಪಿದರೆ ಎರಡು ನರಕೋಶಗಳು ಒಂದಾಗಿ, ಇಲ್ಲದ ಸಂಬಂಧವೊಂದು ಹುಟ್ಟಿಕೊಳ್ಳುವುದು. 2015ರಲ್ಲಿ ರೊನ್ನೆಬರ್ಗರ್, ಫಿಷರ್, ಬ್ರಾಕ್ಸ್ ಎಂಬವರು ರಚಿಸಿದ ‘ಯು-ನೆಟ್’ ಪದ್ಧತಿಯ ಹಿರಿಮೆ ಇಲ್ಲಿಯೇ ಇದೆ. ಒಂದನ್ನೊಂದು ತಾಗಿದ ಕೋಶಗಳ ನಡುವಣ ಕಿರುಗಡಿಗೆ ಅವರು ಯಂತ್ರದ ಕಲಿಕೆಯಲ್ಲಿ ಹೆಚ್ಚಿನ ತೂಕವನ್ನು ಕೊಟ್ಟರು. ನರಜಾಲದ ಪರೀಕ್ಷೆಯಲ್ಲಿ ಕೇವಲ 30 ಚಿತ್ರಗಳಿಂದ ಯಂತ್ರಕ್ಕೆ ಪಾಠ ಹೇಳಿದರು. ಇದು ಶ್ಲಾಘನೀಯವಾದ ವಿವೇಕ.

ಇಷ್ಟಾದರೂ ನೊಣದ ನಕ್ಷೆಯನ್ನು ತಿದ್ದಲು ಒಬ್ಬನೇ ದುಡಿದಿದ್ದರೆ ಸುಮಾರು 33 ವರ್ಷ ಹಿಡಿಯುವಷ್ಟು ಶ್ರಮವಾಯಿತೆಂದು ಕರ್ತೃಗಳೇ ಅಂದಾಜು ಮಾಡಿದ್ದಾರೆ. ಇದನ್ನು ಮರೆಮಾಚದಿದ್ದುದು ಅವರ ಪ್ರಾಮಾಣಿಕತೆ. ನಕ್ಷೆಯನ್ನು ಯಂತ್ರದ ಸೃಷ್ಟಿಯೆಂದು ಹೊಗಳುವವರು ಇದನ್ನು ಬಿಡುವುದು ಅನ್ಯಾಯ. ಇಲಿಯ ಮಿದುಳಿನಲ್ಲಿ ಸುಮಾರು ಏಳು ಕೋಟಿ ನರಕೋಶಗಳಿವೆ, ಎಂದರೆ ನೊಣದ ಐನೂರು ಪಟ್ಟು. ಇದೇ ಲೆಕ್ಕದಲ್ಲಿ ಅದರ ತಿದ್ದುಪಡಿಗೆ ಹದಿನಾರು ಸಾವಿರ ವರ್ಷಗಳ ದುಡಿಮೆ ಬೇಕಾದೀತು. ಆದುದರಿಂದ ಮುಂದಿನ ಯಂತ್ರಗಳಿಗೆ ಒರೆಗಲ್ಲು ಒಂದೇ: ಶೋಧಕನ ಶ್ರಮವನ್ನು ಅವು ಎಷ್ಟು ಇಳಿಸುವುವು ಎಂಬುದು.