ಜಪಾನಿಗೆ ಇಂಗ್ಲಿಷಿನ ಸುತ್ತುದಾರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಯೊಳಗೇ ಇದ್ದರೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಈ ಸೀಮೆಗೆ ಬೇರೆಯದೇ ಸಾಲು ಉಂಟು. ಇಲ್ಲಿನ ಮಕ್ಕಳಲ್ಲಿ ಕೆಲವರು ಈಗ ಓದಲು ಜಪಾನಿಗೆ ಹೋಗುವ ಮನಸ್ಸು ಮಾಡುತ್ತಿದ್ದಾರೆ. ಅವರ ತಯಾರಿಯನ್ನು ಹೊಗಳುವವರು ಇದ್ದಾರೆ, ಹೆದರಿಸುವವರೂ ಇದ್ದಾರೆ. ಆ ತಯಾರಿಯ ದಿನಚರಿಯನ್ನು, ಅದರ ಪುಸ್ತಕವನ್ನು, ಅದರ ಪರೀಕ್ಷೆಯನ್ನು ಒಂದು ಕೃತಿಯನ್ನು ನೋಡುವ ಹಾಗೆ ನಿಧಾನವಾಗಿ ನೋಡಿದವರು ಕಡಿಮೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಮಕ್ಕಳ ಶ್ರಮದಲ್ಲಿ ಕೊರತೆಯಿಲ್ಲ. ಅವರನ್ನು ನಡೆಸುತ್ತಿರುವ ದಾರಿ ಮಾತ್ರ ಸುತ್ತುಬಳಸಿನದು. ಕನ್ನಡದಿಂದ ನೇರ ಹೋಗಬಹುದಾದ ಕಡೆಗೆ ಇಂಗ್ಲಿಷಿನ ಮೂಲಕ ಕರೆದೊಯ್ಯುತ್ತಿದ್ದೇವೆ.

ಪುಸ್ತಕದಿಂದಲೇ ಶುರು ಮಾಡೋಣ. ಜಪಾನೀ ಕಲಿಯುವವರ ಕೈಗೆ ಹೆಚ್ಚಾಗಿ ಸಿಗುವುದು ‘ಮಿನ್ನಾ ನೊ ನಿಹೊಂಗೊ’. 1998ರಲ್ಲಿ ಜಪಾನಿನಲ್ಲಿ ಮೊದಲು ಅಚ್ಚಾದ ಪಠ್ಯ, ಆರಂಭದ ಹಂತಕ್ಕೆ ಎರಡು ಭಾಗ, ಭಾಗಕ್ಕೆ 25ರಂತೆ 50 ಪಾಠ. ಇದರ ಕಟ್ಟಣೆಯನ್ನು ಮೆಚ್ಚಲೇಬೇಕು. ಮುಖ್ಯ ಪುಸ್ತಕದಲ್ಲಿ ಜಪಾನೀ ಬಿಟ್ಟು ಬೇರೆ ಭಾಷೆಯಿಲ್ಲ. ಅರ್ಥ, ವ್ಯಾಕರಣದ ವಿವರಣೆಗಳೆಲ್ಲ ಬೇರೆ ಸಂಪುಟದಲ್ಲಿ. ವಿಯೆಟ್ನಾಮಿನ ವಿದ್ಯಾರ್ಥಿಗೆ ವಿಯೆಟ್ನಾಮೀ ಸಂಪುಟ, ಥಾಯ್ ವಿದ್ಯಾರ್ಥಿಗೆ ಥಾಯ್ ಸಂಪುಟ. ನಮ್ಮ ತರಗತಿಗಳಲ್ಲಿ ಓಡಾಡುವುದು ಇಂಗ್ಲಿಷ್ ಸಂಪುಟ. ತೊಡಕು ಹುಟ್ಟುವುದು ಇಲ್ಲೇ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿನೊಂದಿಗೆ ಗುದ್ದಾಡುತ್ತಿರುವ ಹುಡುಗಿಗೆ ಒಂದು ಹೊಸ ಭಾಷೆಯನ್ನು, ಇನ್ನೂ ಪೂರ್ತಿ ಕೈವಶವಾಗದ ಮತ್ತೊಂದು ಭಾಷೆಯಲ್ಲಿ ವಿವರಿಸುತ್ತೇವೆ. ಆಮೇಲೆ ‘ಜಪಾನೀ ಬಹಳ ಕಷ್ಟ’ ಎಂದು ಅವಳೇ ಹೇಳುವಂತೆ ಮಾಡುತ್ತೇವೆ.

ಕಷ್ಟದ ಬಹುಪಾಲು ಜಪಾನೀಯದಲ್ಲ. ‘ತುಮಕೂರು ಕರ ಮಧುಗಿರಿ ಮದೆ ಬಸು ದೆ ಇಕಿಮಾಸು’ ಎಂಬ ವಾಕ್ಯವನ್ನು ನೋಡಿ. ತುಮಕೂರಿನಿಂದ ಮಧುಗಿರಿವರೆಗೆ ಬಸ್ಸಿನಲ್ಲಿ ಹೋಗುತ್ತೇನೆ. ಪದಗಳು ಕನ್ನಡದ ಸಾಲಿನಲ್ಲೇ ಕೂತಿವೆ. ‘ಇಂದ’ ಇರುವ ಜಾಗದಲ್ಲಿ ‘ಕರ’, ‘ವರೆಗೆ’ ಇರುವಲ್ಲಿ ‘ಮದೆ’, ‘ಅಲ್ಲಿ’ ಇರುವಲ್ಲಿ ‘ದೆ’, ಕ್ರಿಯಾಪದ ಕಟ್ಟಕಡೆಗೆ. ‘ನಾನು’ ಎಂದು ಹೇಳದೆಯೂ ಮಾತು ನಡೆಯುತ್ತದೆ, ನಮ್ಮಲ್ಲಿಯ ಹಾಗೆಯೇ. ಇದನ್ನೇ ಇಂಗ್ಲಿಷಿನ ಮೂಲಕ ಕಲಿಸಿದರೆ ವಾಕ್ಯವನ್ನು ಮೊದಲು ತಲೆಕೆಳಗು ಮಾಡಬೇಕು, ಆಮೇಲೆ ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಎರಡು ಸಲದ ಈ ಕಸರತ್ತು ಕನ್ನಡದ ಮಗುವಿಗೆ ಬೇಕಾಗಿಯೇ ಇರಲಿಲ್ಲ.

ಮುಂದೆ ಹೋದಷ್ಟೂ ಈ ನಷ್ಟ ಹೆಚ್ಚುತ್ತದೆ. 14ನೆಯ ಪಾಠದಲ್ಲಿ ‘ತೆ’ ರೂಪ ಬರುತ್ತದೆ. ಇಂಗ್ಲಿಷ್ ವಿವರಣೆ ಓದಿದವರಿಗೆ ಅದೊಂದು ಗೋಜಲು. ನಮಗೆ ಅದು ಎದ್ದು, ತಿಂದು, ಹೋಗಿ ಎಂಬ ದಿನಬಳಕೆಯ ಮಾತು. ‘ತಬೆತೆ ಮಿರು’ ಎಂದರೆ ತಿಂದು ನೋಡು. ಅಲ್ಲಿ ‘ಮಿರು’ ಎಂದರೆ ನೋಡುವುದೇ. ‘ಕೈತೆ ಒಕು’ ಎಂದರೆ ಬರೆದು ಇಡು. ‘ಒಕು’ ಎಂದರೆ ಇಡುವುದೇ. ‘ತಬೆತೆ ಶಿಮೌ’ ಎಂದರೆ ತಿಂದುಬಿಡು. 22ನೆಯ ಪಾಠದಲ್ಲಿ ‘ಕಿನೋ ಯೊಂದ ಹೊನ್’ ಬಂದರೆ ‘ನಿನ್ನೆ ಓದಿದ ಪುಸ್ತಕ’ ಎಂದು ಕೊರಟಗೆರೆಯ ಮಗು ಒಂದೇ ಉಸಿರಿಗೆ ಹೇಳಬಲ್ಲದು. ಇವೆಲ್ಲ ಎರಡು ಭಾಷೆಗಳಿಗೂ ಒಂದೇ ಮೂಲ ಎಂಬುದಕ್ಕೆ ಸಾಕ್ಷಿಯಲ್ಲ. ದ್ರಾವಿಡ ಭಾಷೆಗಳಿಗೂ ಜಪಾನೀಗೂ ನಂಟು ಹೇಳಿದ ವಾದಗಳನ್ನು ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಿಲ್ಲ, ನನಗೂ ಆ ವಾದ ಬೇಕಿಲ್ಲ. ವಾಕ್ಯ ಕಟ್ಟುವ ರೀತಿ ಒಂದೇ ಆಗಿದೆ, ಕಲಿಸುವವರಿಗೆ ಅಷ್ಟು ಸಾಕು.

ಅಕ್ಷರದ ವಿಷಯದಲ್ಲೂ ಹೀಗೆಯೇ. ಹಿರಗಾನ ಅಕ್ಷರಗಳ ಸಾಲು ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳಿಂದ ಬಂದ ಕ್ರಮ ಅದು. ಒಂದನೆಯ ತರಗತಿಯಲ್ಲಿ ವರ್ಣಮಾಲೆ ಒಪ್ಪಿಸಿದವರಿಗೆ ಅರ್ಧ ದಾರಿ ಅಲ್ಲೇ ಸವೆದಿದೆ. ಹ್ರಸ್ವ ದೀರ್ಘಗಳ ಭೇದ ಜಪಾನೀಯದಲ್ಲಿ ಅರ್ಥವನ್ನೇ ಬದಲಿಸುತ್ತದೆ: ‘ಒಬಸನ್’ ಎಂದರೆ ಅತ್ತೆಯೋ ಚಿಕ್ಕಮ್ಮನೋ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆ ಚೀಟಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಟಿಪ್ಪಣಿಯಲ್ಲಿ ಈ ಭೇದ ಮಸುಕಾಗುತ್ತದೆ, ಕನ್ನಡದಲ್ಲಿ ಬರೆದುಕೊಂಡರೆ ಕಣ್ಣಿಗೆ ಹೊಡೆಯುತ್ತದೆ. ಆದರೂ ನೋಟ್‌ಬುಕ್ಕಿನ ತುಂಬ ರೋಮನ್ ಅಕ್ಷರ. ಕನ್ನಡದಲ್ಲಿ ಬರೆದುಕೊಳ್ಳುವುದು ಹಿಂದುಳಿದವರ ಲಕ್ಷಣ ಎಂಬ ನಾಚಿಕೆಯನ್ನು ಈ ಮಕ್ಕಳಿಗೆ ಯಾರೋ ಕಲಿಸಿದ್ದಾರೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಪಾವಗಡದ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವ ಅಭ್ಯಾಸ ಅವರಿಗೆ ಹುಟ್ಟಿನಿಂದಲೇ ಬಂದಿದೆ. ಆ ಬಲವನ್ನು ಯಾವ ಅರ್ಜಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚೀನೀ ಮೂಲದ ಅಕ್ಷರಗಳಾದ ಕಾಂಜಿಗೆ ಮಾತ್ರ ಕನ್ನಡ ನೆರವಾಗದು. ಅಲ್ಲಿ ಉಳಿಯುವುದು ಕೈಬರಹದ ದುಡಿಮೆಯೊಂದೇ. ಎಸ್ಸೆಸ್ಸೆಲ್ಸಿಗೆಂದು ಕಾಪಿ ಬರೆದು ಬರೆದು ಪಳಗಿದ ಕೈ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉರು ಹೊಡೆಯುವುದನ್ನು ಹಳಿಯುವುದು ಈಗಿನ ರೂಢಿ. ಕಾಂಜಿಯ ಮಟ್ಟಿಗೆ ನಾನು ಅದನ್ನು ಹಳಿಯಲಾರೆ.

ಪರೀಕ್ಷೆಯ ವಿಚಾರ ಬೇರೆ. ಜಪಾನೀ ಭಾಷಾ ಸಾಮರ್ಥ್ಯವನ್ನು ಅಳೆಯುವ ಜೆಎಲ್‌ಪಿಟಿ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ಈ ಸೀಮೆಯವರು ಬರೆಯಲು ಹೋಗುವುದು ಬೆಂಗಳೂರಿಗೆ. ಕೆಳಗಿನ ಹಂತವಾದ ಎನ್5ರಲ್ಲಿ 180ಕ್ಕೆ 80, ಎನ್4ರಲ್ಲಿ 90 ಅಂಕ ಬಂದು, ವಿಭಾಗವಾರು ಕನಿಷ್ಠ ಅಂಕವೂ ದಕ್ಕಿದರೆ ಪಾಸು. ಓದುವುದು ಮತ್ತು ಕೇಳುವುದು ಇಷ್ಟನ್ನೇ ಅದು ಅಳೆಯುತ್ತದೆ. ಬಾಯಿಬಿಟ್ಟು ಒಂದು ಮಾತನ್ನೂ ಆಡದೆ, ಸ್ವಂತ ವಾಕ್ಯ ಒಂದನ್ನೂ ಬರೆಯದೆ, ಸರಿಯುತ್ತರದ ಗುಂಡಿ ತುಂಬಿ ಪಾಸಾಗಬಹುದು. ಪರೀಕ್ಷೆಯನ್ನು ದೂರಿ ಫಲವಿಲ್ಲ, ಅದು ತಾನು ಅಳೆಯುವುದೇನು ಎಂದು ಮುಚ್ಚಿಟ್ಟಿಲ್ಲ. ತಪ್ಪಿರುವುದು ತಯಾರಿಯನ್ನೆಲ್ಲ ಅದರ ಅಳತೆಗೇ ಕತ್ತರಿಸಿದ ನಮ್ಮಲ್ಲಿ. ಪ್ರಮಾಣಪತ್ರ ಹಿಡಿದು ಅಲ್ಲಿಗೆ ಹೋದ ವಿದ್ಯಾರ್ಥಿ ಮನೆ ಹಿಡಿದ 14 ದಿನದೊಳಗೆ ನಗರಸಭೆಯ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಆರೋಗ್ಯ ವಿಮೆಗೆ ಸೇರಬೇಕು, ಕಸವನ್ನು ವಾರದ ದಿನಕ್ಕೆ ತಕ್ಕಂತೆ ಬೇರ್ಪಡಿಸಬೇಕು. ಸಸ್ಯಾಹಾರಿಯಾದರೆ ‘ಸಾರಿನಲ್ಲಿ ಮೀನು ಹಾಕಿದ್ದೀರಾ’ ಎಂದು ಕೇಳಲು ಬರಬೇಕು, ಏಕೆಂದರೆ ಅಲ್ಲಿನ ಎಷ್ಟೋ ಅಡುಗೆಗೆ ಮೀನಿನ ರಸವೇ ತಳಹದಿ. ಇದ್ಯಾವುದಕ್ಕೂ ಗುಂಡಿ ತುಂಬುವ ಅಭ್ಯಾಸ ಒದಗುವುದಿಲ್ಲ.

ದಿನಚರಿಯ ಇನ್ನೊಂದು ಮುಖ ಬಸ್ಸು. ಶಿರಾ, ಮಧುಗಿರಿಯಿಂದ ತುಮಕೂರಿಗೆ ಹೋಗಿಬರುವ ಮಕ್ಕಳು ಪದಪಟ್ಟಿಯನ್ನು ಬಸ್ಸಿನಲ್ಲೇ ಓದಬೇಕು. ಅದನ್ನು ಶಿಸ್ತೆಂದು ಕೊಂಡಾಡುವ ಮೊದಲು 2022ರ ಮಾರ್ಚ್ ನೆನೆಯಬೇಕು. ವೈ.ಎನ್. ಹೊಸಕೋಟೆ ಕಡೆಯಿಂದ ಪಾವಗಡಕ್ಕೆ ಬರುತ್ತಿದ್ದ ಕಿಕ್ಕಿರಿದ ಖಾಸಗಿ ಬಸ್ಸು ಪಳವಳ್ಳಿ ಬಳಿ ಉರುಳಿತು. ಸತ್ತವರಲ್ಲಿ ಓದಲು ಹೊರಟ ಮಕ್ಕಳಿದ್ದರು. ಇಲ್ಲಿ ಓದಿಗಾಗಿ ಪ್ರಯಾಣ ಮಾಡುವುದು ಸಲೀಸಾದ ಕೆಲಸವಲ್ಲ. ಆನ್‌ಲೈನ್ ಪಾಠ ಈ ಮಟ್ಟಿಗೆ ದೊಡ್ಡ ಉಪಕಾರ: ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ಬೆಳಗಿನ ಒಂಬತ್ತಾದರೆ ಇಲ್ಲಿ ಐದೂವರೆ. ಕಾಲೇಜಿಗೆ ಹೊರಡುವ ಮುಂಚೆ ಅಲ್ಲಿನ ಶಿಕ್ಷಕರೊಂದಿಗೆ ಒಂದು ಗಂಟೆ ಮಾತಾಡಿ ಮುಗಿಸಬಹುದು. ಆ ಒಂದು ಗಂಟೆಗೆ ಮಾತಿಗಿಂತ ಹೆಚ್ಚಿನ ಉಪಯೋಗ ಇಲ್ಲ. ವ್ಯಾಕರಣಕ್ಕೆಂದು ಅದನ್ನು ಹಾಳು ಮಾಡಬಾರದು.

ಹಣದ ಮಾತನ್ನು ಬಿಟ್ಟು ಈ ವಿಮರ್ಶೆ ಪ್ರಾಮಾಣಿಕವಾಗದು. ಪಾವಗಡದ ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನಕ್ಕೆ ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಎಂದು ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮಳೆಯನ್ನು ನಂಬಿದ ಕಡಲೆಕಾಯಿಯ ಹೊಲಕ್ಕೆ ಹೋಲಿಸಿದರೆ ಅದು ನಿಶ್ಚಿತ ವರಮಾನ. ಆದರೆ ಜಪಾನಿನ ಭಾಷಾಶಾಲೆಯೊಂದರ ವರ್ಷದ ಶುಲ್ಕವೇ ಸುಮಾರು ಏಳೆಂಟು ಲಕ್ಷ ಯೆನ್. ‘ಪಾರ್ಟ್‌ಟೈಮ್ ದುಡಿದು ಎಲ್ಲ ತೀರಿಸಬಹುದು’ ಎಂಬ ಭರವಸೆ ಮಧ್ಯವರ್ತಿಗಳ ಬಾಯಲ್ಲಿ ಸದಾ ಸಿದ್ಧ. ವಿದ್ಯಾರ್ಥಿ ವೀಸಾದಲ್ಲಿ, ಅನುಮತಿ ಪಡೆದು, ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. 2024ರಲ್ಲಿ ಕನಿಷ್ಠ ಕೂಲಿಯ ರಾಷ್ಟ್ರೀಯ ಸರಾಸರಿ ಗಂಟೆಗೆ 1,055 ಯೆನ್. ನಾಲ್ಕು ವಾರಕ್ಕೆ 1,18,000 ಯೆನ್ ಆಸುಪಾಸು. ಅದರಲ್ಲಿ ಬಾಡಿಗೆ, ಊಟ, ವಿಮೆ ಕಳೆದರೆ ಶುಲ್ಕಕ್ಕೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಜಮೀನು ಒತ್ತೆಯಿಡುವ ಮೊದಲು ಅಪ್ಪ ಮಗ ಕೂತು ಮಾಡಬೇಕು. ಈ ಲೆಕ್ಕ ತಯಾರಿಯ ಮೊದಲ ಪಾಠವಾಗಬೇಕಿತ್ತು.

ಇನ್ನೊಂದು ಬಾಗಿಲಿದೆ, ಅದರತ್ತ ನಮ್ಮ ಪಿಯು ಕಾಲೇಜುಗಳು ಬೆರಳು ತೋರಿಸುವುದು ಅಪರೂಪ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ 1954ರಿಂದ ನಡೆಯುತ್ತಿದೆ. ಪದವಿ ಓದಿಗೆ ಆಯ್ಕೆಯಾದವರಿಗೆ ಶುಲ್ಕವಿಲ್ಲ, ವಿಮಾನದ ಟಿಕೆಟ್ಟು ಆ ಸರ್ಕಾರದ್ದೇ, ತಿಂಗಳಿಗೆ 1,17,000 ಯೆನ್. ಮೊದಲ ವರ್ಷ ಅಲ್ಲೇ ಭಾಷೆ ಕಲಿಸುತ್ತಾರೆ. ವಿಜ್ಞಾನ ಆರಿಸಿಕೊಂಡವರಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಮತ್ತು ಜಪಾನೀ ಪತ್ರಿಕೆಗಳಿರುತ್ತವೆ. ಸ್ಪರ್ಧೆ ಕಠಿಣ, ಗೆಲ್ಲುವವರು ಕೆಲವೇ ಮಂದಿ. ಆದರೂ ಸಿಇಟಿ ಎಂದು ಎರಡು ವರ್ಷ ಲೆಕ್ಕ ಬಿಡಿಸಿದ ಮಧುಗಿರಿಯ ವಿದ್ಯಾರ್ಥಿಗೆ ಅದರ ಗಣಿತ ಅಪರಿಚಿತವಲ್ಲ.

ಸಂದರ್ಶನದ ತಯಾರಿ ನನಗೆ ಎಲ್ಲಕ್ಕಿಂತ ಕಳಪೆಯಾಗಿ ಕಾಣುತ್ತದೆ. ‘ಜಪಾನೇ ಏಕೆ?’ ಎಂದು ಕೇಳಿದರೆ ಸ್ವಚ್ಛತೆ, ಸಮಯಪಾಲನೆ, ಅನಿಮೆ ಎಂದು ಎಲ್ಲರದೂ ಒಂದೇ ಬಾಯಿಪಾಠ. ಮಿನ್ನಾ ನೊ ನಿಹೊಂಗೊ ಪುಸ್ತಕದ ಲೋಕ ಮಿಲ್ಲರ್ ಎಂಬ ಅಮೆರಿಕದ ಕಂಪನಿ ನೌಕರನ ಸುತ್ತ ತಿರುಗುತ್ತದೆ. ಆಗಲೇ ಜಪಾನಿನಲ್ಲಿ ನೆಲೆಸಿದ ವಯಸ್ಕನ ಲೋಕ ಅದು. ಅದನ್ನು ಕಲಿತ ಮಗುವಿಗೆ ಆಫೀಸಿನ ಮಾತು ಬರುತ್ತದೆ, ತನ್ನೂರಿನ ಬಗ್ಗೆ ನಾಲ್ಕು ವಾಕ್ಯ ಬರುವುದಿಲ್ಲ. ಪಾವಗಡದ ಹುಡುಗ ತನ್ನ ಹೊಲದ ಪಕ್ಕದಲ್ಲಿ 2,050 ಮೆಗಾವಾಟ್ ವಿದ್ಯುತ್ತು ಹುಟ್ಟುವುದನ್ನು ಹೇಳಲಿ, ಆ ಬಿಸಿಲಿನೂರಿನ ಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದನ್ನು ಹೇಳಲಿ, ತಾನು ಅದಕ್ಕೆ ಏನು ಕಲಿತು ಬರಬೇಕೆಂದಿದ್ದಾನೆ ಎಂದು ಹೇಳಲಿ. ಕೇಳುವ ಪ್ರಾಧ್ಯಾಪಕರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಜಪಾನಿನಿಂದ ಕಲಿಯುವುದು ನಮ್ಮವರಿಗೆ ಹೊಸದಲ್ಲ. 1898ರಲ್ಲಿ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿಬಂದರು. ಅಲ್ಲಿನ ಶಿಕ್ಷಣ, ಕೈಗಾರಿಕೆಗಳು ಅವರ ಮೇಲೆ ಬೀರಿದ ಪ್ರಭಾವ ಮೈಸೂರಿನಲ್ಲಿ ಅವರು ಮಾಡಿದ ಕೆಲಸದಲ್ಲಿ ಕಾಣುತ್ತದೆ. ಮೇಜಿ ಕಾಲದ ಜಪಾನ್ ಮೊದಮೊದಲು ವಿದೇಶಿ ಅಧ್ಯಾಪಕರಿಂದ ಅವರದೇ ಭಾಷೆಯಲ್ಲಿ ಪಾಠ ಹೇಳಿಸಿ, ಬೇಗನೆ ವಿಜ್ಞಾನ, ತಂತ್ರಜ್ಞಾನಗಳನ್ನು ಜಪಾನೀಗೆ ತಂದುಕೊಂಡಿತು. ಎಂಜಿನಿಯರಿಂಗನ್ನು ತನ್ನ ಭಾಷೆಯಲ್ಲೇ ಕಲಿಸುವ ಆ ದೇಶಕ್ಕೆ ಹೋಗಲು ನಮ್ಮ ಮಕ್ಕಳು ಮೂರನೆಯ ಭಾಷೆಯೊಂದರ ಬಾಗಿಲಲ್ಲಿ ಕಾಯಬೇಕಾಗಿರುವುದು ಸರಿಯಲ್ಲ.

ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ಆ 50 ಪಾಠಗಳಿಗೆ ಕನ್ನಡದಲ್ಲಿ ವ್ಯಾಕರಣದ ಟಿಪ್ಪಣಿ, ಮಧುಗಿರಿ ಬೆಟ್ಟ, ಶಿರಾ ಕೋಟೆ, ಸಿದ್ಧರಬೆಟ್ಟಗಳ ಹೆಸರಿರುವ ಅಭ್ಯಾಸ ವಾಕ್ಯಗಳು, ಬಾಯಲ್ಲಿ ಒಪ್ಪಿಸುವ ಪರೀಕ್ಷೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಜಪಾನೀ ಕಲಿತ ಕನ್ನಡಿಗರಿದ್ದಾರೆ, ಅವರಲ್ಲಿ ನಾಲ್ಕೈದು ಮಂದಿ ಕೂತರೆ ಒಂದು ವರ್ಷದ ಕೆಲಸ. ದ್ವಿತೀಯ ಪಿಯುಸಿ ಫಲಿತಾಂಶ ಬರುವುದು ಏಪ್ರಿಲ್ ಸುಮಾರಿಗೆ, ಜಪಾನಿನ ಶೈಕ್ಷಣಿಕ ವರ್ಷ ಶುರುವಾಗುವುದೂ ಏಪ್ರಿಲ್‌ನಲ್ಲೇ. ಹಾಗಾಗಿ ಹೊರಡುವ ವಿದ್ಯಾರ್ಥಿಗೆ ಹತ್ತಿರ ಹತ್ತಿರ ಒಂದು ವರ್ಷ ಊರಲ್ಲೇ ಸಿಗುತ್ತದೆ. ಈಗ ಆ ವರ್ಷ ಆದಾಯ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುವುದರಲ್ಲಿ, ಮಧ್ಯವರ್ತಿಯ ಫೋನಿಗೆ ಕಾಯುವುದರಲ್ಲಿ ಕಳೆದುಹೋಗುತ್ತಿದೆ.