ನೀಲವ್ವ, ನೀಲಾಂಬಿಕಾ, ನೀಲಿಮಾ

ಕತೆಗಾರರು ತಮ್ಮ ಪಾತ್ರಗಳಿಗೆ ಹೆಸರಿಡುವ ಕ್ರಮವನ್ನು ನಮ್ಮ ವಿಮರ್ಶಕರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಪಾತ್ರದ ಮನಸ್ಸು, ಪರಿಸರ, ಭಾಷೆ ಎಲ್ಲವನ್ನೂ ಅಳೆದು ತೂಗುವ ನಾವು ಹೆಸರನ್ನು ಮಾತ್ರ ಅಂಗಿಯ ಗುಂಡಿಯಂತೆ ಕಂಡು ಬಿಟ್ಟುಬಿಡುತ್ತೇವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯನ್ನು ಕುರಿತು ಬಂದ ಕತೆಗಳನ್ನು ಓದುವಾಗಲೆಲ್ಲ ಒಂದು ಸಂಗತಿ ನನ್ನನ್ನು ಕಾಡಿದೆ. ಮನೆಗೆಲಸದವಳಾದರೆ ಅವಳು ನೀಲವ್ವ ಇಲ್ಲವೆ ಕಾಳವ್ವ. ಕಾಲೇಜು ಮೆಟ್ಟಿಲು ಹತ್ತಿದವಳಾದರೆ ನೀಲಿಮಾ. ಬಣ್ಣ ಒಂದೇ, ಅಂತಸ್ತು ಬೇರೆ. ಇದು ಕತೆಗಾರರು ಕಟ್ಟಿದ ಭೇದವೋ, ಊರೇ ಅವರ ಕೈಗೆ ಕೊಟ್ಟದ್ದೋ ಎಂಬುದನ್ನು ವಿಚಾರಿಸಬೇಕಾಗಿದೆ.

ಬಣ್ಣದಿಂದ ಬಂದ ಹೆಸರುಗಳು ಈ ಸೀಮೆಯಲ್ಲಿ ಹೇರಳ. ಕರೆಪ್ಪ, ಕರೆವ್ವ, ಕೆಂಚಪ್ಪ, ಕೆಂಚವ್ವ, ಹೊನ್ನಪ್ಪ, ಗೌರವ್ವ. ಮರಾಠಿಯ ನೆರಳಿನಲ್ಲಿ ಸೋನವ್ವ. ಮುಸಲ್ಮಾನರ ಮನೆಗಳಲ್ಲಿ ಕೆಂಪನ್ನೂ ಮಾಣಿಕ್ಯವನ್ನೂ ಒಟ್ಟಿಗೆ ಸೂಚಿಸುವ ಲಾಲಸಾಬ, ಲಾಲಬಿ. ಆದರೆ ಇವೆಲ್ಲ ಮೈಬಣ್ಣ ನೋಡಿ ಇಟ್ಟ ಹೆಸರುಗಳೆಂದು ಯಾರಾದರೂ ತಿಳಿದರೆ ಅದು ಪೇಟೆಯವರ ಊಹೆ. ಕಾಳವ್ವ ಎಂದರೆ ಮೊದಲು ಸಿರಸಂಗಿಯ ಕಾಳಮ್ಮ, ಕಪ್ಪು ಆಮೇಲೆ. ಗೌರಿ ಎಂಬ ಶಬ್ದದೊಳಗೆ ಬಿಳುಪು ಇದೆಯೆಂಬುದನ್ನು ಗೌರಿ ಹುಣ್ಣಿಮೆಯಲ್ಲಿ ಸಕ್ಕರೆ ಆರತಿ ಹಿಡಿದು ಹೊರಟ ಹುಡುಗಿಯರಲ್ಲಿ ಎಷ್ಟು ಮಂದಿ ನೆನೆಯುತ್ತಾರೆ? ತೊಟ್ಟಿಲ ಕಾರ್ಯದ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರೆಂದು ಕೂಗಿ ಹೇಳುವ ಹೆಸರು ಹೆಚ್ಚಾಗಿ ತೀರಿಹೋದ ಅಜ್ಜಿಯದು, ಇಲ್ಲವೆ ಮನೆದೇವರದು. ಕೂಸಿನ ಬಣ್ಣವನ್ನು ಆಗ ಯಾರೂ ಕೇಳುವುದಿಲ್ಲ.

ಹೆಸರಿಡುವುದು ಋಣ ತೀರಿಸುವ ಒಂದು ಬಗೆ. ಈ ಮಾತಿಗೆ ಮುಧೋಳದ ಕವಿಯೇ ಸಾಕ್ಷಿ. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ ತನ್ನ ಮಗನನ್ನು ರಾಯ ಎಂದೂ ಮಗಳನ್ನು ಅತ್ತಿಮಬ್ಬೆ ಎಂದೂ ಕರೆದ. ಒಬ್ಬಾತ ಚಾವುಂಡರಾಯ, ಇನ್ನೊಬ್ಬಾಕೆ ದಾನಚಿಂತಾಮಣಿ. ಇಬ್ಬರೂ ಅವನನ್ನು ಪೊರೆದವರು.

ನೀಲವ್ವನ ಹೆಸರಿನ ಹಿಂದೆಯೂ ಇಂಥದೊಂದು ಋಣವಿದೆ. ಬಸವಣ್ಣನವರ ಪತ್ನಿ ನೀಲಾಂಬಿಕೆಯನ್ನು ನೀಲಲೋಚನೆ ಎಂದೂ ನೀಲಮ್ಮ ಎಂದೂ ಕರೆಯುತ್ತಾರೆ. ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ. ಆಕೆ ಐಕ್ಯಳಾದಳೆಂದು ನಂಬುವ ತಂಗಡಗಿಯೂ ಅಲ್ಲಿಂದ ದೂರವಲ್ಲ. ಅದೇ ಕೃಷ್ಣೆ ಮೇಲುಗಡೆ ಜಮಖಂಡಿ ರಬಕವಿಗಳ ಹೊಲಗಳಿಗೆ ನೀರು ಕೊಡುತ್ತಾಳೆ. ಇಂಥ ನೆಲದಲ್ಲಿ ನೀಲವ್ವ ಎಂಬ ಹೆಸರು ಮನೆಮನೆಗೆ ಹಬ್ಬಿದ್ದರಲ್ಲಿ ಆಶ್ಚರ್ಯವೇನು? ಪುರಾಣ ಹೇಳುವವರ ಬಾಯಲ್ಲಿ ಉಳಿದಿದ್ದ ಈ ಹೆಸರಿಗೆ ಅಚ್ಚಿನ ಬಲವೂ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಆರಂಭಿಸಿದರು, ವಿಜಾಪುರದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಬೆಳಕು ಕಂಡಿತು. ಪುರಾಣದ ಸತಿ ಓದುಗರ ಕಣ್ಣಿಗೆ ವಚನಕಾರ್ತಿಯಾಗಿ ಕಂಡದ್ದು ಆಮೇಲೆ.

ಇಲ್ಲೊಂದು ವಿಚಿತ್ರವನ್ನು ಸಹೃದಯರು ಗಮನಿಸಬೇಕು. ನೀಲಮ್ಮನ ವಚನಗಳಲ್ಲಿ ಮತ್ತೆ ಮತ್ತೆ ಕಾಣುವುದು ಹೆಸರನ್ನೂ ಕುರುಹನ್ನೂ ಕಳೆದುಕೊಳ್ಳುವ ಹಂಬಲ. ಮಡದಿ, ಪುರುಷ ಎಂಬ ಸಂಬಂಧದ ಹೆಸರುಗಳನ್ನೂ ಆಕೆ ಬದಿಗಿಡುತ್ತಾಳೆ. ಅಂಥವಳ ಹೆಸರನ್ನೇ ನಾವು ತಲೆಮಾರಿನಿಂದ ತಲೆಮಾರಿಗೆ ತೊಟ್ಟಿಲಲ್ಲಿ ತೂಗಿದೆವು! ತಪ್ಪೆಂದು ಹೇಳಲಾರೆ. ಆದರೆ ಆ ವಚನಗಳನ್ನು ಓದದೆ ಹೆಸರನ್ನಷ್ಟೇ ಹಿಡಿದವರೇ ಹೆಚ್ಚು ಎಂಬುದೂ ಸುಳ್ಳಲ್ಲ.

ನೀಲ ಎಂಬ ಶಬ್ದವನ್ನೇ ಸ್ವಲ್ಪ ನೋಡೋಣ. ಕಪ್ಪು, ಬಿಳುಪು, ಕೆಂಪು, ಹಸುರುಗಳಿಗೆ ಕನ್ನಡಕ್ಕೆ ತನ್ನವೇ ಮಾತುಗಳಿವೆ. ನೀಲಕ್ಕೆ ಮಾತ್ರ ಸಂಸ್ಕೃತದ ಮೊರೆ ಹೋದೆವು. ಸಂಸ್ಕೃತದಲ್ಲಿಯೂ ಅದು ಇಂದಿನ ಆಕಾಶದ ತಿಳಿಬಣ್ಣವಲ್ಲ, ಕಪ್ಪಿಗೆ ಹತ್ತಿದ ಗಾಢವರ್ಣ. ಕೃಷ್ಣ ಎಂದರೆ ಕಪ್ಪು. ಚಿತ್ರಕಾರರು ಅವನಿಗೆ ಬಳಿದದ್ದು ನೀಲಿ. ವಿಷ ಕುಡಿದ ಶಿವನ ಕೊರಳು ಕಪ್ಪಾಯಿತೆನ್ನದೆ ನೀಲವಾಯಿತೆಂದರು. ಹೀಗಾಗಿ ನೀಲ ಎಂಬುದು ಕಪ್ಪನ್ನು ಮರ್ಯಾದೆಯಿಂದ ಹೇಳುವ ಮಾತಾಯಿತು. ಕರೆವ್ವನಿಗೂ ನೀಲವ್ವನಿಗೂ ನಡುವೆ ಇರುವ ಅಂತರ ಬಣ್ಣದ್ದಲ್ಲ, ಭಾಷೆಯದು. ಒಬ್ಬಾಕೆ ಕನ್ನಡದಲ್ಲಿ ಕಪ್ಪು, ಇನ್ನೊಬ್ಬಾಕೆ ಸಂಸ್ಕೃತದಲ್ಲಿ.

ನೇಕಾರರ ಊರುಗಳಲ್ಲಿ ಈ ಬಣ್ಣಕ್ಕೆ ಇನ್ನೊಂದು ಬೇರೂ ಇತ್ತು. ಕುರುಹಿನಶೆಟ್ಟಿ ನೇಕಾರರ ಆರಾಧ್ಯದೈವ ನೀಲಕಂಠೇಶ್ವರ. ನೂಲಿನ ಲಡಿಗಳನ್ನು ನೀಲಿಯ ಹರವಿಯಲ್ಲಿ ಅದ್ದಿ ತೆಗೆಯುವ ಕಸುಬಿನವರು ನೀಲಗಾರರು. (ಮೈಸೂರು ಸೀಮೆಯಲ್ಲಿ ನೀಲಗಾರರೆಂದರೆ ಮಂಟೇಸ್ವಾಮಿಯ ಕತೆ ಹಾಡುವವರು, ಒಂದೇ ಮಾತು ಕನ್ನಡನಾಡಿನ ಎರಡು ತುದಿಗಳಲ್ಲಿ ಎರಡು ಬದುಕು ಬದುಕಿದೆ.) 1897ರಲ್ಲಿ ಜರ್ಮನಿಯ ಕಾರಖಾನೆಯ ರಾಸಾಯನಿಕ ನೀಲಿ ಮಾರುಕಟ್ಟೆಗೆ ಇಳಿದ ಮೇಲೆ ಗಿಡದ ನೀಲಿ ಸೋತಿತು. ಬನಹಟ್ಟಿಯಲ್ಲಿ ಕುಣಿಮಗ್ಗದ ಸದ್ದನ್ನು ವಿದ್ಯುತ್ ಮಗ್ಗದ ಸದ್ದು ನುಂಗಿತು. ನೀಲಗಾರ ಎಂಬುದು ಅಡ್ಡಹೆಸರಾಗಿ ಮಾತ್ರ ನಿಂತಿತು.

ಕತೆಗಾರರ ವಿಷಯಕ್ಕೆ ಮರಳುತ್ತೇನೆ. ಹೆಸರನ್ನು ಕಿವಿಯಿಟ್ಟು ಕೇಳಿ ಬರೆದವರಿಲ್ಲವೆಂದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳಿ. ಚೋಮನ ಮಕ್ಕಳು ಚನಿಯ, ಗುರುವ, ಕಾಳ, ನೀಲ, ಬೆಳ್ಳಿ. ಅವಸರದಲ್ಲಿ ಓದಿದರೆ ಕೊನೆಯ ಮೂರೂ ಬಣ್ಣದ ಹೆಸರುಗಳೇ ಎನ್ನಿಸುತ್ತದೆ. ಆದರೆ ತುಳುನಾಡಿನಲ್ಲಿ ಹುಟ್ಟಿದ ವಾರದ ಹೆಸರಿಡುವ ರೂಢಿಯುಂಟು. ಚನಿಯ ಶನಿವಾರದವನು, ಗುರುವ ಗುರುವಾರದವನು. ಬೆಳ್ಳಿ ಎಂದರೆ ಶುಕ್ರಗ್ರಹವೂ ಹೌದು. ಹಾಗಾದರೆ ಬೆಳ್ಳಿ ಬೆಳ್ಳಗಿನ ಹುಡುಗಿಯಲ್ಲ, ಶುಕ್ರವಾರದ ಹುಡುಗಿ ಎಂದು ನನಗೆ ತೋರುತ್ತದೆ. ಕಾರಂತರು ಅದನ್ನು ವಿವರಿಸುವ ಗೋಜಿಗೆ ಹೋಗದೆ, ಆ ಮನೆಯಲ್ಲಿ ಇರಬಹುದಾದ ಹೆಸರುಗಳನ್ನು ಇಟ್ಟು ಮುಂದೆ ನಡೆದರು. ನಮ್ಮ ಸೀಮೆಯ ಕತೆಗಳಲ್ಲಿ ನಾನು ಹುಡುಕುವುದು ಈ ನಂಬಿಕೆಯನ್ನು.

ಬದಲಾಗಿ ಕಾಣುವುದೇನು? ಹೆಸರಿನ ತುದಿಯ ಅವ್ವ ಎಂಬ ಎರಡಕ್ಷರವನ್ನು ಬಡತನದ ಗುರುತಾಗಿ ಬಳಸುವ ಚಟ. ಊರಿನವರೂ ಇದರಲ್ಲಿ ಪಾಲುದಾರರೇ. ಜಮಖಂಡಿ ಮುಧೋಳಗಳು 1948ರವರೆಗೆ ಸಂಸ್ಥಾನಗಳಾಗಿದ್ದವು, ದರಬಾರಿನ ಮಾತು ಮರಾಠಿ. ಅಂದಿನ ಹಿರಿಯರ ಕಿವಿಗೆ ಬಾಯಿ ಎಂಬುದು ದೊಡ್ಡಸ್ತಿಕೆ. 1956ರ ಏಕೀಕರಣದ ಮೇಲೆ ಅಮ್ಮ ಬಂದಿತು. ಶಾಲೆಯ ದಾಖಲೆಯಲ್ಲಿ ನೀಲವ್ವ ನೀಲಮ್ಮಳಾದಳು. ಮುಂದಿನ ತಲೆಮಾರಿಗೆ ಅಮ್ಮನೂ ಭಾರವೆನಿಸಿ ಬರಿಯ ನೀಲಾ ಉಳಿದಳು. ಅಲ್ಲಿಂದ ಬಂಗಾಲಿ, ಹಿಂದಿ ಕಡೆಯ ನೀಲಿಮಾ. ಇತ್ತೀಚಿನ ಮದುವೆಯ ಕರೆಯೋಲೆಗಳಲ್ಲಿ ವಧುವಿನ ಹೆಸರು ಶ್ವೇತಾ ಎಂದಿರುವುದನ್ನೂ, ಆಶೀರ್ವದಿಸುವ ಹಿರಿಯರ ಸಾಲಿನಲ್ಲಿ ನೀಲವ್ವ ಎಂದಿರುವುದನ್ನೂ ನಾನು ಕಂಡಿದ್ದೇನೆ. ಎರಡು ಹೆಸರುಗಳ ನಡುವೆ ಬಣ್ಣವೇ ತಿರುಗಿ ನಿಂತಿದೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಮೈಬಣ್ಣವನ್ನಾದ್ದರಿಂದ ತಂದೆತಾಯಿಗಳನ್ನಷ್ಟೇ ದೂರಲಾರೆ.

ನೀಲಿಮಾ ಎಂಬ ಹೆಸರಿನ ಬಗ್ಗೆ ನನ್ನ ತಕರಾರು ವ್ಯಾಕರಣದ್ದೂ ಹೌದು. ಅದರ ಅರ್ಥ ನೀಲತನ, ಅಷ್ಟೇ. ಸಂಸ್ಕೃತದಲ್ಲಿ ಆ ಶಬ್ದ ಪುಲ್ಲಿಂಗ. ಕೊನೆಯ ಆಕಾರವನ್ನು ನೋಡಿ ನಾವು ಹೆಣ್ಣೆಂದುಕೊಂಡೆವು. ನೀಲಾಂಜನಾ ಎಂದು ಇಡುವವರೂ ಇದ್ದಾರೆ. ಪಂಪನ ‘ಆದಿಪುರಾಣ’ದಲ್ಲಿ ಆದಿದೇವನ ಮುಂದೆ ನರ್ತಿಸುತ್ತಲೇ ಆಯುಷ್ಯ ತೀರಿ ಮಾಯವಾಗುವ ದೇವಗಣಿಕೆ ಅವಳು. ತೇರದಾಳದ ಬಸದಿಯ ಸುತ್ತಿನ ಜೈನ ಮನೆಗಳಲ್ಲಿ ಆ ಕತೆ ಬಲ್ಲವರಿದ್ದಾರೆ. ಹೆಸರಿನ ಇಂಪಿಗೆ ಮರುಳಾಗಿ ಕೂಸಿಗೆ ಅದನ್ನಿಡುವವರು ಒಮ್ಮೆ ಪಂಪನನ್ನು ಓದಿದರೆ ಒಳ್ಳೆಯದು. ಹೆಸರನ್ನು ಬಿಡಲೆಂದಲ್ಲ, ಆ ಭಾಗ ಕನ್ನಡದ ಅತಿ ಚೆಲುವಾದ ಭಾಗಗಳಲ್ಲಿ ಒಂದು ಎಂದು.

ಇವುಗಳ ನಡುವೆ ನೀಲಾಂಬಿಕಾ ಎಂದು ಬರೆಸುವವರ ಜಾಣತನವನ್ನು ಮೆಚ್ಚಬೇಕು. ಅಂಬಿಕೆ ಎಂದರೂ ಅವ್ವನೇ. ನೀಲಾಂಬಿಕಾ ಎಂದರೆ ಅಕ್ಷರಶಃ ನೀಲವ್ವ, ಸಂಸ್ಕೃತದ ಜರತಾರಿ ಉಟ್ಟವಳು. ಅಜ್ಜಿಯ ಹೆಸರು ಉಳಿಯಿತು, ಶಾಲೆಯಲ್ಲಿ ಹುಡುಗಿಗೆ ನಾಚಿಕೆಯೂ ತಪ್ಪಿತು; ಮನೆಯಲ್ಲಿ ಮುದುಕರು ಏ ನೀಲವ್ವಾ ಎಂದೇ ಕೂಗುತ್ತಾರೆ, ಅವಳು ಓಗೊಡುತ್ತಾಳೆ.

ಕರೆವ್ವನಿಗೆ ಮಾತ್ರ ಈ ಬಾಗಿಲೂ ತೆರೆಯಲಿಲ್ಲ. ಅವಳನ್ನು ಹಾಡಿದ ಪುರಾಣವಿಲ್ಲ, ಅವಳ ಹೆಸರಿನ ವಚನಕಾರ್ತಿಯಿಲ್ಲ. ಶ್ಯಾಮಲಾ ಎಂದರೂ ಅರ್ಥ ಅದೇ. ಆದರೆ ಮೊಮ್ಮಗಳಿಗೆ ಶ್ಯಾಮಲಾ ಎಂದಿಟ್ಟು, ಇದು ನಮ್ಮ ಕರೆವ್ವಜ್ಜಿಯ ಹೆಸರು ಎಂದು ಹೇಳುವ ಮನೆಯನ್ನು ಬೀಳಗಿಯ ಕಡೆ ನಾನು ಇನ್ನೂ ಕಂಡಿಲ್ಲ, ಕತೆಯಲ್ಲಿಯೂ ಓದಿಲ್ಲ.